ಕೆರೆಯೇರಿಯ ಮೇಲೆ ಒಂದು ಕ್ಯಾಮರಾ

ಗಾಳ ಹಾಕಿ ಮೀನು ಹಿಡಿಯುವುದು ನಮ್ಮ ನಾಡಿಗೆ ಹೊಸ ವಿನೋದವಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಪ್ರಕರಣವಿರುವುದು. ಮೀನಿನ ಜಾತಿಗಳು, ಅವುಗಳ ಆಹಾರ, ದಾರ, ಕೋಲು, ಗಾಳ ಎಲ್ಲವನ್ನೂ ದೊರೆಯು ಅಲ್ಲಿ ವಿವರವಾಗಿ ಹೇಳಿರುವನು. ಇಂಗ್ಲೆಂಡಿನವರು ಹೆಮ್ಮೆಯಿಂದ ಹೇಳಿಕೊಳ್ಳುವ ಐಸಾಕ್ ವಾಲ್ಟನ್ನನ ಮೀನುಗಾರಿಕೆಯ ಗ್ರಂಥವು ಅಚ್ಚಾದದ್ದು 1653ರಲ್ಲಿ. ಎಂದರೆ ನಮ್ಮ ದೊರೆಯ ಗ್ರಂಥಕ್ಕೆ ಐನೂರು ವರ್ಷಗಳ ತರುವಾಯ. ಇನ್ನು ಚಲಚ್ಚಿತ್ರದ ಮಾತು. 1895ನೆಯ ಇಸವಿ ಡಿಸೆಂಬರ್ 28ರಂದು ಪ್ಯಾರಿಸ್ ನಗರದಲ್ಲಿ ಲೂಮಿಯೇರ್ ಸಹೋದರರು ಹಣ ಪಡೆದು ತೋರಿಸಿದ ಮೊದಲ ಹತ್ತು ಚಿತ್ರಗಳಲ್ಲಿ ಒಂದು, ಗಾಜಿನ ಪಾತ್ರೆಯೊಳಗಿನ ಹೊಂಬಣ್ಣದ ಮೀನನ್ನು ಹಿಡಿಯಲೆಳಸುವ ಹಸುಗೂಸಿನ ಚಿತ್ರವಾಗಿತ್ತು. ಆದುದರಿಂದ ಮೀನು ಹಿಡಿಯುವುದಕ್ಕೂ ಚಿತ್ರ ಹಿಡಿಯುವುದಕ್ಕೂ ಇರುವ ನಂಟು ಚಲಚ್ಚಿತ್ರದಷ್ಟೇ ಹಳೆಯದೆನ್ನಬಹುದು.

ಈ ವಿಷಯವನ್ನು ನಾವು ಬರೆಯಹೊರಟದ್ದನ್ನು ಕಂಡು ಕೆಲವರು ಹುಬ್ಬೇರಿಸಿಯಾರು. ನಮ್ಮ ಮನೆಯಲ್ಲಿ ಮೀನು ತಿನ್ನುವ ವಾಡಿಕೆಯಿಲ್ಲ. ಆದರೆ ನಮ್ಮ ಅಳಿಯಂದಿರಿಗೆ ಗಾಳದ ಹವ್ಯಾಸವುಂಟು. ಹನ್ನೊಂದು ವರ್ಷದ ಮೊಮ್ಮಗನು ಭಾನುವಾರವಾಯಿತೆಂದರೆ ತಂದೆಯ ಬೆನ್ನು ಬಿಡುವವನಲ್ಲ. ತಮ್ಮ ಪ್ರವಾಸಗಳನ್ನು ಚಿತ್ರಿಸಲು ಒಂದು ಕ್ಯಾಮರಾ ಕೊಳ್ಳಬೇಕೆಂದು ಇವರು ನಿಶ್ಚಯಿಸಿದಾಗ, ಅಂಗಡಿಯಲ್ಲಿ ಕಂಡ ಹತ್ತಾರು ಬಗೆಗಳಲ್ಲಿ ಯಾವುದನ್ನು ಆರಿಸುವುದೆಂಬ ಪ್ರಶ್ನೆ ಬಂದಿತು. ‘ತಾತ, ನೀವೇ ಹೇಳಿ’ ಎಂದು ಹುಡುಗನು ತೀರ್ಪನ್ನು ನಮ್ಮ ಪಾಲಿಗೆ ಬಿಟ್ಟನು. ವಸ್ತುವಿನ ಗುಣವನ್ನು ವಸ್ತುವಿನಲ್ಲಿಯೇ ಹುಡುಕಿದರೆ ಸಾಲದು. ಅದು ಯಾವ ಸ್ಥಳದಲ್ಲಿ, ಯಾವ ಹೊತ್ತಿನಲ್ಲಿ, ಯಾರ ಎದುರಿನಲ್ಲಿ ಬಳಕೆಯಾಗುವುದೆಂದು ನೋಡಬೇಕು. ದಾನಕ್ಕೆ ಹಿರಿಯರು ಹೇಳಿದ ದೇಶ, ಕಾಲ, ಪಾತ್ರವೆಂಬ ಮೂರು ವಿಚಾರಗಳು ಕ್ಯಾಮರಾ ಕೊಳ್ಳುವುದಕ್ಕೂ ಸಲ್ಲುವುವೆಂದು ತೋರಿದ್ದರಿಂದ, ಸ್ನೇಹಿತರಿಂದ ಎರವಲು ತಂದ ಯಂತ್ರಗಳೊಡನೆ ಕಳೆದ ಮಾಗಿಯಲ್ಲಿ ನಾಲ್ಕು ಭಾನುವಾರ ನಾಲ್ಕು ತಾಲ್ಲೂಕುಗಳ ಕೆರೆಗಳನ್ನು ಸುತ್ತಿ ಬಂದೆವು.

ಮೊದಲು ದೇಶದ ವಿಚಾರ. 1986ರಲ್ಲಿ ಪ್ರತ್ಯೇಕವಾದ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ವರ್ಷವಿಡೀ ತುಂಬಿ ಹರಿಯುವ ಹೊಳೆ ಒಂದೂ ಇಲ್ಲ. ನಂದಿಬೆಟ್ಟದ ಕಡೆಯಿಂದ ಅರ್ಕಾವತಿಯು ದೊಡ್ಡಬಳ್ಳಾಪುರದತ್ತ ಇಳಿಯುವುದು. ಅದೇ ಬೆಟ್ಟಗಳ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿಯು ಹೊಸಕೋಟೆಯ ಕಡೆಗೆ ಸಾಗಿ ತಮಿಳುನಾಡನ್ನು ಸೇರುವುದು. ಶಿವಗಂಗೆಯ ಕುಮುದ್ವತಿಯು ನೆಲಮಂಗಲದ ಸೀಮೆಯನ್ನು ಹಾದು ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಕೂಡುವುದು. ಮಳೆಗಾಲದಲ್ಲಿ ಮಾತ್ರ ಜೀವ ತಳೆಯುವ ಈ ಹೊಳೆಗಳ ನೀರನ್ನು ಹಿಡಿದು ನಿಲ್ಲಿಸಲು ನಮ್ಮ ಪೂರ್ವಿಕರು ಒಂದರ ಕೋಡಿ ಮತ್ತೊಂದಕ್ಕೆ ಹರಿಯುವಂತೆ ಕೆರೆಗಳ ಸಾಲನ್ನು ಕಟ್ಟಿದರು. ಇಲ್ಲಿ ಗಾಳ ಹಾಕುವವನಿಗೆ ಕೆರೆಯೇ ಗತಿ.

ಕೆರೆಯ ನೀರು ಹೂಳಿನಿಂದಲೂ ಪಾಚಿಯಿಂದಲೂ ಮಬ್ಬಾಗಿರುವುದು. ಮೊಳಕಾಲು ಆಳದಲ್ಲಿಟ್ಟ ನಮ್ಮ ಕೈಯೇ ನಮಗೆ ಕಾಣದು. ಹೀಗಿರಲು ಹತ್ತು ಮೀಟರು ಆಳದಲ್ಲಿಯೂ ಚಿತ್ರ ಹಿಡಿಯುವೆನೆಂದು ಹೊಗಳಿಕೊಳ್ಳುವ ಯಂತ್ರಕ್ಕೆ ಹೆಚ್ಚು ಹಣ ತೆರುವುದರಿಂದ ಏನು ಲಾಭ? ಸಮುದ್ರದ ಹವಳದ ದಿಬ್ಬಗಳಿಗೆ ಹೋಗುವವರಿಗೆ ಅದು ಒಪ್ಪತಕ್ಕುದು. ನಮಗೆ ಬೇಕಾದದ್ದು ನೀರು ಸಿಡಿದರೆ ಕೆಡದಿರುವುದು, ಕೈಜಾರಿ ಬಿದ್ದರೆ ಎತ್ತಿಕೊಳ್ಳುವವರೆಗೆ ತಾಳುವುದು. ಪೆಟ್ಟಿಗೆಯ ಮೇಲೆ ‘ಐಪಿಎಕ್ಸ್ 7’ ಎಂದಿದ್ದರೆ ಒಂದು ಮೀಟರು ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಸೇರಿ ಕೆಡದೆಂದು ಅರ್ಥ, ಅಷ್ಟು ಸಾಕು. ಆದರೆ ನೀರು ತಾಳುವುದು ಬೇರೆ, ತೇಲುವುದು ಬೇರೆ. ಬೆಂಕಿಪೊಟ್ಟಣದ ಕಟ್ಟಿನಂತಿರುವ ಈ ಚಿಕ್ಕ ಯಂತ್ರಗಳು ಕಲ್ಲಿನಂತೆ ಮುಳುಗುವುವು. ಹೂಳಿನಲ್ಲಿ ಹೂತದ್ದನ್ನು ಹುಡುಕುವುದು ಅಸಾಧ್ಯ. ಬೆಂಡಿನಂತೆ ತೇಲುವ ಹಿಡಿಯೊಂದನ್ನು ಜೊತೆಗೆ ಕೊಳ್ಳುವುದು ಮೊದಲ ದಿನದ ಕರ್ತವ್ಯ.

ಎರಡನೆಯ ತೊಡಕು ನೀರಿನ ಹೊಳಪು. ಬಿಸಿಲೇರಿದ ಮೇಲೆ ಕೆರೆಯು ಕನ್ನಡಿಯಂತಾಗಿ, ಮೇಲಕ್ಕೆ ಬಂದ ಮೀನೂ ಚಿತ್ರದಲ್ಲಿ ಕಾಣದೆಹೋಗುವುದು. ಇದಕ್ಕೆ ಪೋಲರೈಸಿಂಗ್ ಫಿಲ್ಟರ್ ಎಂಬ ಗಾಜಿನ ಬಿಲ್ಲೆಯುಂಟು. ನೀರಿನ ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕಿನ ಅಲೆಗಳು ಬಹುಮಟ್ಟಿಗೆ ಒಂದೇ ದಿಕ್ಕಿನಲ್ಲಿ ಕಂಪಿಸುವುವು. ಬಿಲ್ಲೆಯನ್ನು ತಿರುಗಿಸಿ ಆ ದಿಕ್ಕನ್ನು ತಡೆದರೆ ಹೊಳಪು ಕಳೆದು ಒಳಗಿನದು ಕಾಣುವುದು. ನೀರಿನ ಮಟ್ಟಕ್ಕೆ ಸುಮಾರು 37 ಡಿಗ್ರಿ ಓರೆಯಾಗಿ ನೋಡುವಾಗ ಇದರ ಗುಣ ಅತ್ಯಧಿಕ. ಅಳಿಯಂದಿರು ಧರಿಸುವ ಕಪ್ಪು ಕನ್ನಡಕದ ಗುಟ್ಟೂ ಇದೇ. ಆದರೆ ಈ ಬಿಲ್ಲೆ ಬೆಳಕನ್ನೂ ತಿನ್ನುವುದರಿಂದ ನಸುಕಿನಲ್ಲಿ ತೆಗೆದಿಡಬೇಕು.

ಇನ್ನು ಕಾಲದ ವಿಚಾರ. ಗಾಳಗಾರನ ಹೊತ್ತು ಅರುಣೋದಯ. ಬೆಳಕು ಕಡಿಮೆ, ಕೈ ಮರಗಟ್ಟುವ ಚಳಿ, ಕಾಯುವುದು ಎರಡು ಗಂಟೆ, ಮೀನು ಕಚ್ಚುವುದು ಎರಡು ಕ್ಷಣ. ನೆಲಮಂಗಲದ ಕಡೆಯ ಒಂದು ಕೆರೆಯಲ್ಲಿ ಅಳಿಯಂದಿರು ಮೊಬೈಲ್ ಫೋನಿನಿಂದಲೇ ಕೆಲಸ ಸಾಗಿಸಲು ನೋಡಿದರು. ಚಿತ್ರವೇನೋ ಸೊಗಸಾಗಿತ್ತು, ಆದರೆ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕೋಲು, ಕಾಲ ಕೆಳಗೆ ಜಾರುವ ಏರಿಯ ಕಲ್ಲು! ಹೂಳೆತ್ತಿದ ಕೆರೆಗಳಲ್ಲಿ ದಂಡೆಯ ಪಕ್ಕದಲ್ಲಿಯೇ ಆಳವಾದ ಗುಂಡಿಗಳಿರುವುವು. ನೀರು ತುಂಬಿದಾಗ ಅವು ಕಣ್ಣಿಗೆ ಬೀಳುವುದಿಲ್ಲ. ಚಿತ್ರದ ಕಡೆ ಕಣ್ಣಿಟ್ಟವನು ಹೆಜ್ಜೆಯ ಕಡೆ ಕಣ್ಣಿಡಲಾರ. ಮಗುವನ್ನು ಜೊತೆಗೆ ಕರೆದೊಯ್ಯುವವರು ಇದನ್ನು ಎಲ್ಲಕ್ಕಿಂತ ಮೊದಲು ಯೋಚಿಸಬೇಕು. ಎರಡು ಕೈಗಳನ್ನೂ ಬಿಡುವಾಗಿರಿಸುವ, ಎದೆಗೆ ಪಟ್ಟಿಯಿಂದ ಬಿಗಿಯತಕ್ಕ ಆಕ್ಷನ್ ಕ್ಯಾಮರಾ ಈ ಕಾರಣಕ್ಕಾಗಿಯೇ ನಮಗೆ ಹಿಡಿಸಿತು.

ಮೀನು ಯಾವಾಗ ಕಚ್ಚುವುದೆಂದು ತಿಳಿಯದಿರುವಾಗ ಯಾವಾಗ ಗುಂಡಿ ಒತ್ತುವುದು? ಇದಕ್ಕೂ ಉಪಾಯ ಕಂಡುಹಿಡಿದಿರುವರು. ಈಚಿನ ಕೆಲವು ಆಕ್ಷನ್ ಕ್ಯಾಮರಾಗಳು ಸದಾ ನೋಡುತ್ತಿದ್ದು, ಹಳೆಯದನ್ನು ಅಳಿಸಿಕೊಳ್ಳುತ್ತಿರುವುವು. ಗುಂಡಿ ಒತ್ತಿದಾಗ ಅದಕ್ಕೆ ಹಿಂದಿನ 15 ಅಥವಾ 30 ಸೆಕೆಂಡುಗಳನ್ನೂ ಸೇರಿಸಿ ಉಳಿಸುವುವು. ಬೆಂಡು ಮುಳುಗಿದ ಮೇಲೆ ಒತ್ತಿದರೂ ಮುಳುಗಿದ ಕ್ಷಣವು ದೊರೆಯುವುದು. ಬ್ಯಾಟರಿ ಮಾತ್ರ ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ ಗಂಟೆ ಬಂದೀತು. ಎರಡು ಹೆಚ್ಚಿನವನ್ನು ಅಂಗಿಯ ಒಳಜೇಬಿನಲ್ಲಿ ಬೆಚ್ಚಗಿಡಬೇಕು. ಮೈಕಿಗೆ ತುಪ್ಪುಳದ ಮುಸುಕಿಲ್ಲದಿದ್ದರೆ ಗಾಳಿಯ ಭೋರೆಂಬ ಸದ್ದಿನಲ್ಲಿ ಹಕ್ಕಿಯ ಕೂಗೆಲ್ಲ ಮುಚ್ಚಿಹೋಗುವುದು.

ನೆನಪಿನ ಕಾರ್ಡಿನ ಲೆಕ್ಕವನ್ನು ಮೊಮ್ಮಗನಿಂದಲೇ ಮಾಡಿಸಿದೆವು. ಅತಿ ಸ್ಪಷ್ಟವಾದ 4ಕೆ ಚಿತ್ರಕ್ಕೆ ಸೆಕೆಂಡಿಗೆ 100 ಮೆಗಾಬಿಟ್ ಬೇಕಾದರೆ, ಎಂಟರಿಂದ ಭಾಗಿಸಲು ಹನ್ನೆರಡೂವರೆ ಮೆಗಾಬೈಟ್. ಗಂಟೆಯ 3,600 ಸೆಕೆಂಡುಗಳಿಂದ ಗುಣಿಸಲು 45 ಗಿಗಾಬೈಟ್. ಅರವತ್ತನಾಲ್ಕರ ಕಾರ್ಡು ಒಂದೂವರೆ ಗಂಟೆಯೊಳಗೆ ತುಂಬಿಹೋಗುವುದು. ಮನೆಯ ಟೆಲಿವಿಷನ್ನಿನಲ್ಲಿ ನೋಡುವುದಕ್ಕೆ ಅದಕ್ಕಿಂತ ಕೆಳಗಿನ ದರ್ಜೆಯೇ ಸಾಕೆಂದು ಹುಡುಗನು ತಾನಾಗಿ ತೀರ್ಮಾನಿಸಿದನು.

ಪಾತ್ರದ ವಿಚಾರವೇ ಮುಖ್ಯವಾದದ್ದು. ಹೊಸಕೋಟೆ ತಾಲ್ಲೂಕಿನ ಒಂದು ಕೆರೆಯಲ್ಲಿ ಇದು ನಮಗೆ ಸ್ಪಷ್ಟವಾಯಿತು. ಕೆರೆಯ ಹೆಸರನ್ನು ಬರೆಯದಿರುವುದಕ್ಕೆ ಕಾರಣ ಮುಂದೆ ತಿಳಿಯುವುದು. ಅಂದು ಬೆಸ್ತರು ಬಲೆ ಎಳೆಯುತ್ತಿದ್ದರು. ನಮ್ಮ ಕೆರೆಗಳಲ್ಲಿ ಬೆಳೆಯುವ ಕಾಟ್ಲಾ, ರೋಹುಗಳು ನಿಂತ ನೀರಿನಲ್ಲಿ ಮರಿಮಾಡುವುವಲ್ಲ. 1957ರಲ್ಲಿ ಹೀರಾಲಾಲ್ ಚೌಧುರಿಯವರು ಚುಚ್ಚುಮದ್ದಿನಿಂದ ಇವು ಮೊಟ್ಟೆಯಿಡುವಂತೆ ಮಾಡಿದ ಮೇಲೆ ಮೀನುಮರಿಗಳು ಧಾರಾಳವಾಗಿ ದೊರೆಯುವಂತಾಯಿತು. ಜಿಲೇಬಿ ಮೀನು ಮಾತ್ರ 1952ರಲ್ಲಿ ಹೊರದೇಶದಿಂದ ಬಂದದ್ದು. ಮೊಟ್ಟೆಯನ್ನು ಬಾಯಲ್ಲಿಟ್ಟು ಮರಿಮಾಡುವ ಈ ತಾಯಿ ಯಾರ ಸಹಾಯವನ್ನೂ ಬೇಡದೆ ಎಲ್ಲೆಡೆ ಹಬ್ಬಿರುವಳು. ಎಂದರೆ ಬಲೆಯಲ್ಲಿ ಬಂದ ಕಾಟ್ಲಾ ಒಂದೊಂದೂ ಯಾರೋ ಹಣ ಕೊಟ್ಟು ತಂದು ಬಿಟ್ಟು, ತಿಂಗಳುಗಟ್ಟಲೆ ಕಾದ ಬೆಳೆ.

ಅಳಿಯಂದಿರು ಕ್ಯಾಮರಾ ಎತ್ತುವ ಮೊದಲು ನಾವು ಹಿರಿಯ ಬೆಸ್ತರೊಬ್ಬರನ್ನು, ‘ಯಜಮಾನರೇ, ಚಿತ್ರ ತೆಗೆಯಬಹುದೇ?’ ಎಂದು ಕೇಳಿದೆವು.

‘ತಕ್ಕೊಳ್ಳಿ ಸ್ವಾಮಿ, ಬಲೆ ಬೀಸೋದು ತಕ್ಕೊಳ್ಳಿ, ನನ್ನ ಮಕ ಬೇಕಾದ್ರೂ ತಕ್ಕೊಳ್ಳಿ. ಮೀನಿನ ಗುಡ್ಡೆ ಮಾತ್ರ ಬ್ಯಾಡಿ’ ಎಂದರು ಅವರು.

‘ಅದೇಕೆ?’

‘ಇಷ್ಟು ಮೀನೈತೆ ಅಂತ ನಾಕು ಜನ ನೋಡಿದ್ರೆ ಬರೋ ಸಲ ಹರಾಜ್ನಾಗೆ ಕೂಗೋರು ಜಾಸ್ತಿ ಆಯ್ತಾರೆ. ದುಡ್ಡಿರೋರು ಕೂಗ್ತಾರೆ, ನಾವು ದಡದಾಗೆ ನಿಂತ್ಕೊಂಡು ನೋಡ್ಬೇಕಾಯ್ತದೆ.’

ಕೆರೆಗಳ ಮೀನಿನ ಹಕ್ಕು ಹರಾಜಿನಿಂದಲೋ ಗುತ್ತಿಗೆಯಿಂದಲೋ ಕೈಸೇರುವಂಥದು. ನಮಗೆ ಒಂದು ಭಾನುವಾರದ ವಿನೋದವಾಗಿ ಕಂಡದ್ದು ಅವರಿಗೆ ಮುಂದಿನ ವರ್ಷದ ಅನ್ನದ ಪ್ರಶ್ನೆ. ಅಷ್ಟು ಹೊತ್ತಿಗೆ ಮೊಮ್ಮಗನ ಎದೆಯ ಮೇಲಿದ್ದ ಯಂತ್ರವು ಗುಡ್ಡೆಯನ್ನೂ ಚಿತ್ರಿಸಿಬಿಟ್ಟಿತ್ತು. ಹುಡುಗನು ಹಿಂಬದಿಯ ಪರದೆಯಲ್ಲಿ ಅದನ್ನು ಅವರಿಗೆ ತೋರಿಸಿ, ಅವರೆದುರಿಗೇ ಅಳಿಸಿದನು. ಯಜಮಾನರು ನಕ್ಕು, ಬೀಸುಬಲೆಯನ್ನು ಹೆಗಲಿಗೆ ಹಾಕಿಕೊಂಡು, ಚಿತ್ರಕ್ಕೆಂದೇ ಮೂರು ಸಲ ಬೀಸಿ ತೋರಿಸಿದರು. ಬಲೆಯು ಗಾಳಿಯಲ್ಲಿ ಛತ್ರಿಯಂತೆ ಬಿಚ್ಚಿಕೊಂಡು ವರ್ತುಲವಾಗಿ ನೀರಿಗೆ ಬೀಳುವ ಆ ನೋಟವೇ ನಾವು ತಂದ ಚಿತ್ರಗಳಲ್ಲೆಲ್ಲ ಉತ್ತಮವಾದದ್ದು. ಪರದೆಯಿಲ್ಲದ ಅಗ್ಗದ ಯಂತ್ರಗಳೂ ಅಂಗಡಿಯಲ್ಲಿದ್ದುವು; ತೆಗೆದದ್ದನ್ನು ತೆಗೆಸಿಕೊಂಡವರಿಗೆ ಅಲ್ಲಿಯೇ ತೋರಿಸಲಾಗದ ಯಂತ್ರ ಬೇಡವೆಂದು ನಾವು ಅಂದೇ ನಿರ್ಧರಿಸಿದೆವು.

ಮೀನೂ ಒಂದು ಪಾತ್ರವೇ ಅಲ್ಲವೇ? ಹಿಡಿದು ಮರಳಿ ಬಿಡುವವರು ಕೈಯನ್ನು ಒದ್ದೆಮಾಡಿಕೊಂಡು ಅದನ್ನು ಮುಟ್ಟಬೇಕು. ಒಣಗೈ ತಾಗಿದರೆ ಮೈಯ ಲೋಳೆಯ ಕವಚ ಕಿತ್ತುಬರುವುದು. ನೀರಿನಿಂದೆತ್ತಿ ಹತ್ತು ಎಣಿಸುವುದರೊಳಗೆ ಚಿತ್ರ ಮುಗಿಯಬೇಕು. ಇದಕ್ಕೂ ಮೊದಲೇ ಸಿದ್ಧವಾಗಿರುವ ಯಂತ್ರವೇ ಬೇಕು. ಮಸೂರ ಬದಲಾಯಿಸುತ್ತ ಕೂರುವ ದೊಡ್ಡ ಕ್ಯಾಮರಾ ಆಗದು.

ದೊಡ್ಡಬಳ್ಳಾಪುರದ ಕಡೆಗೆ ಹೋದ ಭಾನುವಾರ ಗಾಳವನ್ನು ಬಿಚ್ಚಲೇ ಇಲ್ಲ. ದೊಡ್ಡತುಮಕೂರು, ಮಜರಾಹೊಸಹಳ್ಳಿ ಕೆರೆಗಳಿಗೆ ಪಟ್ಟಣದ ಕೊಳಚೆಯೂ ಕಾರ್ಖಾನೆಗಳ ಕಲ್ಮಷವೂ ಸೇರುತ್ತಿರುವುದೆಂದು ಅಲ್ಲಿಯ ಗ್ರಾಮಸ್ಥರು ಹಲವು ವರ್ಷಗಳಿಂದ ದೂರುತ್ತ, ಹೋರಾಡುತ್ತ ಬಂದಿರುವರು. ಕೊಳಚೆ ಸೇರಿದ ನೀರಿನಲ್ಲಿ ಪಾಚಿ ಅತಿಯಾಗಿ ಬೆಳೆದು, ರಾತ್ರಿಯೆಲ್ಲ ಪ್ರಾಣವಾಯುವನ್ನು ಹೀರಿಬಿಡುವುದು. ಬೆಳಗಿನ ಜಾವ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುವುವು. ಇಂಥ ನೋಟವನ್ನು ಕಂಡವರು ಚಿತ್ರಿಸಿದರೆ ಅದು ಸಾಕ್ಷ್ಯವಾಗುವುದು. ಆದರೆ ಯಂತ್ರದ ಗಡಿಯಾರದಲ್ಲಿ ತಾರೀಖೂ ಹೊತ್ತೂ ಸರಿಯಾಗಿದ್ದರೆ ಮಾತ್ರ. ಹೊಸ ಕ್ಯಾಮರಾ ಕೊಂಡವರು ಮೊದಲು ಮಾಡಬೇಕಾದ ಈ ಕೆಲಸವನ್ನು ಬಹುಮಂದಿ ಮಾಡುವುದೇ ಇಲ್ಲ. ನಾವು ಕೆರೆಯನ್ನು ಏರಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ಚಿತ್ರಿಸಿಕೊಂಡು ಬಂದೆವು. ಪ್ರತಿವರ್ಷ ಅದೇ ಜಾಗದಲ್ಲಿ ನಿಂತು ಹಾಗೆಯೇ ಚಿತ್ರಿಸಬೇಕೆಂದು ಹುಡುಗನಿಗೆ ಹೇಳಿರುವೆವು.

ಕಡೆಯ ಭಾನುವಾರ ದೇವನಹಳ್ಳಿ. ಆಕಾಶದಿಂದ ಕೆರೆಯನ್ನು ನೋಡಬೇಕೆಂದು ಮೊಮ್ಮಗನಿಗೆ ಡ್ರೋನಿನ ಆಸೆ. 2008ರಿಂದ ಅಲ್ಲಿ ವಿಮಾನಗಳು ಹಗಲಿರುಳೂ ಏರಿಳಿಯುತ್ತಿರುವುವು. ನಿಲ್ದಾಣದ ಸುತ್ತ ಅಪ್ಪಣೆಯಿಲ್ಲದೆ ಡ್ರೋನ್ ಹಾರಿಸುವುದು 2021ರ ನಿಯಮಗಳಿಗೆ ವಿರುದ್ಧ. ಸರ್ಕಾರದ ‘ಡಿಜಿಟಲ್ ಸ್ಕೈ’ ನಕ್ಷೆಯಲ್ಲಿ ಕೆಂಪು, ಹಳದಿ, ಹಸಿರು ವಲಯಗಳನ್ನು ತೋರಿಸಿದಾಗ ಹುಡುಗನು ಸುಮ್ಮನಾದನು. ಏರಿಯ ಮೇಲಿನ ಬೇವಿನ ಮರದಡಿ ಕುಳಿತು ನೋಡಿದರೂ ಕೆರೆಯು ಸಾಕಷ್ಟು ವಿಶಾಲವಾಗಿಯೇ ಕಾಣುವುದು.

ಕಡೆಗೆ ಕೊಂಡದ್ದು ಎದೆಗೆ ಕಟ್ಟುವ ಸಾಧಾರಣ ಬೆಲೆಯ ಆಕ್ಷನ್ ಕ್ಯಾಮರಾ ಒಂದು, ತೇಲುವ ಹಿಡಿ, ಎರಡು ಬ್ಯಾಟರಿ, ಹೊಳಪು ಕಳೆಯುವ ಬಿಲ್ಲೆ. ದೂರದ ಹಕ್ಕಿಗಳನ್ನು ಹತ್ತಿರಕ್ಕೆ ತರುವ ಶಕ್ತಿ ಇದಕ್ಕಿಲ್ಲ. ಅದು ಬೇಕಾದವರು ಜೂಮ್ ಉಳ್ಳ ಹ್ಯಾಂಡಿಕ್ಯಾಮನ್ನೇ ಕೊಳ್ಳಬೇಕು. ಉಳಿದ ಹಣದಲ್ಲಿ ಹುಡುಗನಿಗೊಂದು ತೇಲುವ ಜಾಕೆಟ್ಟು ಬಂದಿತು. ಮೊದಲ ಚಿತ್ರದ ಒಂದು ಪ್ರತಿಯನ್ನು ಅಳಿಯಂದಿರು ಹೊಸಕೋಟೆಯ ಯಜಮಾನರ ಮಗನ ಫೋನಿಗೆ ಹಾಕಿಕೊಟ್ಟರು. ಅದರಲ್ಲಿ ಬಲೆಯುಂಟು, ಕೆರೆಯುಂಟು, ಯಜಮಾನರ ನಗುವುಂಟು; ಮೀನು ಒಂದೂ ಇಲ್ಲ.