ನಡುಮನೆಯಲ್ಲಿ ಸಮುದ್ರ

ಊರ್ಡಿಗೆರೆಗೂ ಸಮುದ್ರಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನಮಗೆ ಸಮೀಪವಾದದ್ದು ದೇವರಾಯನದುರ್ಗದ ಬೆಟ್ಟ. ಅಲ್ಲಿ ಹುಟ್ಟುವ ಜಯಮಂಗಲಿಯೂ ವರ್ಷದ ಬಹುಭಾಗ ಮರಳಾಗಿಯೇ ಇರತಕ್ಕವಳು. ಹೀಗಿದ್ದೂ ನಮ್ಮ ನಡುಮನೆಯಲ್ಲಿ ಕಡಲಿನ ಒಂದು ತುಣುಕನ್ನು ತಂದು ನಿಲ್ಲಿಸುವ ಸಾಹಸಕ್ಕೆ ನಾವು ಕೈಹಾಕಿದುದಕ್ಕೆ ನಮ್ಮ ಮಗಳ ಮಗನೇ ಕಾರಣನು.

ಹುಡುಗನಿಗೆ ಹದಿಮೂರು ವರ್ಷ. ನಮ್ಮಲ್ಲಿಯೇ ಇದ್ದು ಓದುತ್ತಿದ್ದಾನೆ. ಎರಡು ವರ್ಷದ ಹಿಂದೆ ಅವನಿಗೆಂದು ಸಿಹಿನೀರಿನ ಒಂದು ಚಿಕ್ಕ ಗಾಜಿನ ತೊಟ್ಟಿಯನ್ನು ತಂದು ಆರು ಬಂಗಾರದ ಮೀನುಗಳನ್ನು ಬಿಟ್ಟಿದ್ದೆವು. ಬೇಸಗೆಯ ಒಂದು ರಾತ್ರಿ ಗಾಳಿಮಳೆಗೆ ವಿದ್ಯುತ್ತು ಹೋದದ್ದು ಬೆಳಗಿನವರೆಗೆ ಬರಲಿಲ್ಲ. ನಾವು ಸೆಕೆಯನ್ನು ಶಪಿಸುತ್ತ ಜಗಲಿಯಲ್ಲಿ ಮಲಗಿದ್ದೆವೇ ಹೊರತು, ಒಳಗೆ ಗಾಳಿಯ ಯಂತ್ರ ನಿಂತಿದೆಯೆಂಬ ನೆನಪು ನಮಗೆ ಬರಲಿಲ್ಲ. ಬೆಳಗ್ಗೆ ಆರೂ ತೇಲುತ್ತಿದ್ದವು. ಹುಡುಗ ಅಳಲಿಲ್ಲ. “ತಾತ, ಅವಕ್ಕೆ ಕೂಗೋಕೆ ಬರಲ್ಲ ಅಲ್ವಾ?” ಎಂದು ಮಾತ್ರ ಕೇಳಿದ. ನಾವು ಉತ್ತರ ಹೇಳಲಿಲ್ಲ.

ಈಚೆಗೆ ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಹವಳಗಳ ಚಿತ್ರಗಳನ್ನು ಕಂಡು ಅವನಿಗೆ ಉಪ್ಪುನೀರಿನ ತೊಟ್ಟಿಯ ಹಂಬಲ ಹುಟ್ಟಿತು. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ ಎಂದು ಅಳತೆಯನ್ನೂ ಗೊತ್ತುಮಾಡಿಕೊಂಡು ಬಂದನು. ನಮ್ಮ ಬಳಿ ನಿವೃತ್ತಿಯ ಹಣವಿತ್ತು. ಹಳೆಯ ಋಣವೊಂದು ಮನಸ್ಸಿನಲ್ಲಿತ್ತು. ಆದರೆ ಈ ಸಾರಿ ಸಲಕರಣೆಗಳೆಲ್ಲ ಕಾಗದದ ಮೇಲೆ ನಿಂತ ಹೊರತು ಒಂದು ಕಾಸನ್ನೂ ಬಿಚ್ಚುವುದಿಲ್ಲವೆಂದು ಕರಾರು ಮಾಡಿದೆವು. ಮೂರು ತಿಂಗಳು ಸಂಜೆಯ ಹೊತ್ತು ಇದೇ ನಮಗೆ ಪಾಠವಾಯಿತು.

ಆರಡಿಯ ತೊಟ್ಟಿಯೆಂದರೆ ಇಪ್ಪತ್ತನಾಲ್ಕು ಘನ ಅಡಿ, ಸುಮಾರು ೬೮೦ ಲೀಟರು ನೀರು. ಗಾಜು, ಕಲ್ಲು, ಪೀಠಗಳನ್ನು ಸೇರಿಸಿದರೆ ಒಂದು ಟನ್ನಿನ ಹತ್ತಿರಕ್ಕೆ ಬರುವುದು. ಲೀಟರಿಗೆ ೩೫ ಗ್ರಾಮಿನಂತೆ ಉಪ್ಪೇ ೨೪ ಕಿಲೋ. ಅದೂ ಅಡಿಗೆಯ ಉಪ್ಪಲ್ಲ. ಸುಣ್ಣದ ಅಂಶ, ಮೆಗ್ನೀಸಿಯಂ ಮೊದಲಾದವುಗಳು ಕಡಲಿನಲ್ಲಿರುವ ಪ್ರಮಾಣದಲ್ಲಿಯೇ ಬೆರೆತ ಉಪ್ಪು. ಕೊಳವೆಬಾವಿಯ ಗಡಸು ನೀರು ಇದಕ್ಕೆ ಒದಗದು, ಆರ್.ಓ. ಯಂತ್ರದಿಂದ ಶೋಧಿಸಬೇಕು. ಅಂಥ ಯಂತ್ರವು ಒಂದು ಕೊಡ ಶುದ್ಧಜಲಕ್ಕೆ ಮೂರು ಕೊಡವನ್ನು ಹೊರಕ್ಕೆ ಬಿಡುವುದುಂಟು. ಈ ಲೆಕ್ಕವನ್ನು ಕೇಳಿದ ನಮ್ಮ ಮನೆಯವರು, “ಬೇಸಗೇಲಿ ಟ್ಯಾಂಕರಿಗೆ ಬಿಂದಿಗೆ ಸಾಲು ಇಡೋ ಊರಲ್ಲಿ ಇದನ್ನ ಮಾಡ್ತೀರಾ? ನೋಡಿದವರು ಏನಂತಾರೆ?” ಎಂದರು. ನಾವು ಓದಿದ ಶಾಸ್ತ್ರಗಳಲ್ಲಿ ಇದಕ್ಕೆ ಸಮಾಧಾನ ಸಿಕ್ಕಲಿಲ್ಲ. ಕಡೆಗೆ ಆರಡಿ ನಾಲ್ಕಡಿಗೆ ಇಳಿಯಿತು. ಹೊರಕ್ಕೆ ಹೋಗುವ ನೀರು ಪಾತ್ರೆ ತೊಳೆಯುವುದಕ್ಕೂ ತೆಂಗಿನ ಬುಡಕ್ಕೂ ಎಂದು ಒಪ್ಪಂದವಾಯಿತು. ಈಗ ನೀರು ಸುಮಾರು ೪೫೦ ಲೀಟರು. ವಾರಕ್ಕೆ ಹತ್ತರಲ್ಲೊಂದು ಪಾಲನ್ನು ಬದಲಿಸಿದರೆ ಎರಡು ಮೂರು ಕೊಡದಲ್ಲಿ ಮುಗಿಯುವುದು.

ಒಳಗೆ ಇಡತಕ್ಕದ್ದೇನು ಎಂಬುದು ಬೇರೆಯೇ ಪ್ರಶ್ನೆ. ಅಮರಸಿಂಹನು ವಿದ್ರುಮವನ್ನೂ ಪ್ರವಾಲವನ್ನೂ ಒಂದೇ ವಸ್ತುವಿನ ಹೆಸರಾಗಿ ಹೇಳಿದ್ದಾನೆ. ವಿದ್ರುಮವೆಂಬಲ್ಲಿ ಮರವಿದೆ, ಪ್ರವಾಲವೆಂದರೆ ಚಿಗುರೂ ಹೌದು. ಮೂವತ್ತು ವರ್ಷ ಹಾಗೆಯೇ ಪಾಠ ಹೇಳಿದ ನಮಗೆ, ಹವಳವು ಮರವೂ ಅಲ್ಲ, ಕಲ್ಲೂ ಅಲ್ಲ, ಪ್ರಾಣಿಯೆಂದು ತಿದ್ದಿದವನು ಮೊಮ್ಮಗ. ನಮ್ಮ ಕಡಲಿನ ಕಲ್ಲುಹವಳಗಳೆಲ್ಲವೂ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿವೆ. ೨೦೦೧ರಿಂದ ಅವುಗಳಿಗೆ ಹುಲಿಗಿರುವ ರಕ್ಷಣೆಯೇ ಇದೆ. ಮಾರುವವನು ಪಿಸುಮಾತಿನಲ್ಲಿ ಕೊಟ್ಟರೂ ಕೊಳ್ಳಬಾರದು. ಆದಕಾರಣ ಕಲ್ಲುಹವಳವಿಲ್ಲ, ಕಡಲಿನಿಂದ ಕಿತ್ತ ಕಲ್ಲೂ ಇಲ್ಲ. ಸುಟ್ಟ ಮಣ್ಣಿನ ಕೃತಕ ಬಂಡೆ, ಸಾಕಣೆಯಲ್ಲಿ ಹುಟ್ಟಿದ ಕಿತ್ತಳೆಬಣ್ಣದ ಕ್ಲೌನ್ ಮೀನಿನ ಒಂದು ಜೋಡಿ, ಮುಂದೆ ಕಾಗದಪತ್ರ ಸರಿಯಿದ್ದರೆ ಒಂದೆರಡು ಮೃದುಹವಳ. ಹುಡುಗನ ಮುಖ ಸಣ್ಣದಾಯಿತು, ಆದರೆ ಒಪ್ಪಿದನು.

ಸಲಕರಣೆಗಳಲ್ಲಿ ಅಂಗಡಿಯವರು ಮೊದಲು ತೋರಿಸುವುದು ನೀಲಿಯ ದೀಪವನ್ನು. ನಮ್ಮ ಪಟ್ಟಿಯಲ್ಲಿ ಅದು ಕೊನೆಯದು. ನೀರಿನ ಕಲ್ಮಷವನ್ನು ನೊರೆಯಾಗಿ ಎಬ್ಬಿಸುವ ಸ್ಕಿಮ್ಮರ್ ಬೇಕು. ಆಲೆಮನೆಯಲ್ಲಿ ಕೊಪ್ಪರಿಗೆಯ ಮೇಲಿನ ನೊರೆಯನ್ನು ತೆಗೆಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಡಲಜೀವಿಗಳಿಗೆ ೨೫ರಿಂದ ೨೭ ಡಿಗ್ರಿಯ ಶಾಖ ಹಿತ. ನಮ್ಮ ಚೈತ್ರ ವೈಶಾಖಗಳು ೩೫ನ್ನು ಮೀರುತ್ತವೆ. ಆದ್ದರಿಂದ ನೀರನ್ನು ತಣಿಸುವ ಚಿಲ್ಲರ್ ಬೇಕು. ಅದಕ್ಕೆ ಸುಮಾರು ೫೦೦ ವ್ಯಾಟ್. ನಮ್ಮ ಮನೆಯ ಬ್ಯಾಟರಿಯ ಮೇಲೆ ಅದನ್ನು ನಡೆಸಿದರೆ ಮೂರು ಗಂಟೆಯೂ ಬಾರದು. ಅದೇ ಬ್ಯಾಟರಿಯ ಮೇಲೆ ನೀರನ್ನು ಕಲಕುವ ೨೦ ವ್ಯಾಟಿನ ಚಿಕ್ಕ ಪಂಪನ್ನು ಮಾತ್ರ ಬಿಟ್ಟರೆ ಎರಡು ದಿನ ನಡೆದೀತು. ಈ ಎರಡು ಸಾಲಿನ ಲೆಕ್ಕವನ್ನು ಹುಡುಗನೇ ಮಾಡಿ ಕೆಂಪು ಮಸಿಯಿಂದ ಗೆರೆಯೆಳೆದನು. ವಿದ್ಯುತ್ತು ಹೋದಾಗ ಮೊದಲು ಕೊಲ್ಲುವುದು ಶಾಖವಲ್ಲ, ಉಸಿರಿನ ಅಭಾವ. ಆ ಚಿಕ್ಕ ಪಂಪು ನಮ್ಮ ಪಟ್ಟಿಯ ತಲೆಗೆ ಏರಿತು.

೧೮೪೦ರ ದಶಕದಲ್ಲಿ ಲಂಡನ್ನಿನಲ್ಲಿ ಆನಾ ಥಿನ್ ಎಂಬ ಮಹಿಳೆ ಜೀವಂತ ಕಲ್ಲುಹವಳಗಳನ್ನು ಮನೆಯಲ್ಲಿ ಸಾಕಿದಳು. ಆಗ ವಿದ್ಯುತ್ತೆಲ್ಲಿ? ಸೇವಕಿಯು ತೆರೆದ ಕಿಟಕಿಯ ಬಳಿ ನಿಂತು ಆ ಉಪ್ಪುನೀರನ್ನು ಪಾತ್ರೆಯಿಂದ ಪಾತ್ರೆಗೆ ಹೊಯ್ದು ಗಾಳಿ ಕೂಡಿಸುತ್ತಿದ್ದಳು. ನಮ್ಮಲ್ಲಿ ಕಾಫಿಯನ್ನು ಆರಿಸುವ ಕ್ರಮವೇ ಅದು. ಇದನ್ನು ಓದಿ ಹೇಳಿದಾಗ, “ಕೊನೆಗೆ ಆ ಕೆಲಸ ಯಾರಿಗೆ ಬರುತ್ತೆ ಅಂತ ನನಗೆ ಗೊತ್ತು” ಎಂದು ಅಡಿಗೆಮನೆಯಿಂದ ಮಾತು ಬಂತು.

ಮೇಸ್ತ್ರಿಯಿಂದ ನಡುಮನೆಯ ಚಪ್ಪಡಿಗಳನ್ನು ಎಬ್ಬಿಸಿ ಕಾಂಕ್ರೀಟು ಹಾಸಿಸಿದೆವು. ತೊಟ್ಟಿಯ ಕೆಳಗೆ ಸ್ಕಿಮ್ಮರ್, ಪಂಪುಗಳಿರುವ ಇನ್ನೊಂದು ಚಿಕ್ಕ ತೊಟ್ಟಿಯುಂಟು. ಅದಕ್ಕೂ ಸಂಪು ಎಂದೇ ಹೆಸರು. ಬರಿಯ ನೀರು ತುಂಬಿಸಿ ಪರೀಕ್ಷೆ ಮಾಡಿದ ದಿನ, ಎಲ್ಲವೂ ಸರಿಯಾಯಿತೆಂದು ಊಟಕ್ಕೆ ಕುಳಿತಿದ್ದಾಗ ವಿದ್ಯುತ್ತು ಹೋಯಿತು. ಪಂಪು ನಿಂತೊಡನೆ, ಮೇಲಕ್ಕೆ ನೀರೆತ್ತುವ ಕೊಳವೆಯೇ ಮೇಲಿನ ತೊಟ್ಟಿಯ ನೀರನ್ನು ಕೆಳಕ್ಕೆ ಎಳೆಯತೊಡಗಿ ಸಂಪು ತುಂಬಿ ಉಕ್ಕಿತು. ಮಡಿಸಿಟ್ಟಿದ್ದ ಹಾಸಿಗೆಗಳೆಲ್ಲ ತೊಯ್ದವು. ವಿಜ್ಞಾನದ ಮೇಷ್ಟರು ರಜಾ ಹಾಕಿದ ದಿನಗಳಲ್ಲಿ ಇದೇ ಸೈಫನ್ ಪಾಠವನ್ನು ನಾವೇ ಎಷ್ಟೋ ಸಾರಿ ಮಾಡಿದ್ದೆವು! ಕೊಳವೆಯಲ್ಲಿ ನೀರಿನ ಮಟ್ಟದ ಹತ್ತಿರ ಒಂದು ಸಣ್ಣ ರಂಧ್ರವನ್ನು ಕೊರೆದು, ಸಂಪಿನಲ್ಲಿ ಮೂರನೆಯ ಒಂದು ಪಾಲನ್ನು ಬರಿದಾಗಿಟ್ಟ ಮೇಲೆ ದೋಷ ನಿಂತಿತು.

ಈಗ ತೊಟ್ಟಿಯಲ್ಲಿ ಉಪ್ಪುನೀರೂ ಬಂಡೆಗಳೂ ಇವೆ, ಕಣ್ಣಿಗೆ ಕಾಣುವ ಜೀವ ಒಂದೂ ಇಲ್ಲ. ಕಲ್ಮಷದ ಅಮೋನಿಯವನ್ನು ತಿಂದು ಬೇರೆಯಾಗಿಸುವ ಸೂಕ್ಷ್ಮಜೀವಿಗಳು ನೆಲೆಗೊಳ್ಳಲು ಒಂದೂವರೆ ತಿಂಗಳು ಕಾಯಬೇಕು. ಹುಡುಗನು ವಾರಕ್ಕೆರಡು ಸಾರಿ ಪರೀಕ್ಷಿಸಿ ಅಂಕಿಗಳನ್ನು ಬರೆದಿಡುತ್ತಾನೆ. ಭಾನುವಾರ ರಾತ್ರಿ, ನಮಗೆ ಹೇಳದೆ, ಮನೆಯ ಮೈನ್ ಸ್ವಿಚ್ಚನ್ನೇ ಇಳಿಸಿಬಿಟ್ಟನು. ಅಡಿಗೆಮನೆಯಿಂದ ಅವನ ಅಜ್ಜಿ ಗದರಿಸಿಕೊಂಡರು. ಕತ್ತಲಲ್ಲಿ ಅವನು ಗಾಜಿಗೆ ಕಿವಿಯೊಡ್ಡಿ ನಿಂತಿದ್ದನು. ಒಳಗೆ ಚಿಕ್ಕ ಪಂಪು ಗುಂಯ್‌ಗುಡುತ್ತಿತ್ತು.