ಅರ್ಧ ಮಿಲಿಮೀಟರ್ ಎಲ್ಲಿ ಹೋಯ್ತು?

ಸಾಗವಾನಿ ಹಲಗೆ ಹಾಳು ಮಾಡಿದ ದಿನ ಕಾಕಾ ನನಗೆ ಏನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನೆ ಹಲಗೆ ಎತ್ತಿಕೊಂಡು, ಬೆರಳಿನಿಂದ ಪುಡಿ ಒರೆಸಿ, ಹೂವಿನ ಒಂದು ಎಸಳು ಇನ್ನೊಂದರ ಮೇಲೆ ಹತ್ತಿ ಕೂತಿರುವುದನ್ನು ನೋಡಿ, "ಬಾ, ಚಾ ಕುಡಿಯೋಣು" ಅಂದರು. ಅಷ್ಟೇ.

ಮೊದಲಿನಿಂದ ಹೇಳ್ತೀನಿ.

ನಮ್ಮೂರು ರಾಣೆಬೆನ್ನೂರು ತಾಲೂಕಿನ ಕುಪ್ಪೇಲೂರು. ಕಾಕಾ ಮೊದಲಿನಿಂದಲೂ ಮರದ ಕೆಲಸದವರು. ಕೂರಿಗೆ, ಕುಂಟೆಯಿಂದ ಹಿಡಿದು ಬಾಗಿಲು ಚೌಕಟ್ಟಿನ ತನಕ ಎಲ್ಲ ಮಾಡಿದ್ದಾರೆ. ಎರಡು ವರ್ಷದಿಂದ ಬಲಗೈ ಸಣ್ಣಗೆ ನಡುಗುತ್ತೆ. ಗರಗಸ ಎಳೀತಾರೆ, ರಂದಾ ಹೊಡೀತಾರೆ, ಅದಕ್ಕೇನೂ ತೊಂದರೆ ಇಲ್ಲ. ಆದರೆ ಸಣ್ಣ ಉಳಿ ಹಿಡಿದು ಹೂವು ಬಳ್ಳಿ ಕೆತ್ತೋದು ಬಿಟ್ಟಿದ್ದಾರೆ. ಯಾರಾದರೂ ಕೆತ್ತನೆ ಕೆಲಸ ತಂದರೆ "ಈಗ ಪುರುಸೊತ್ತಿಲ್ಲಪಾ" ಅಂತ ವಾಪಸ್ ಕಳಿಸೋದು. ಪುರುಸೊತ್ತು ಇರುತ್ತೆ ಅಂತ ಊರಿಗೆಲ್ಲಾ ಗೊತ್ತು.

ಹಳೇ ಮನೆ ಬಿಚ್ಚಿದಾಗ ಸಿಕ್ಕ ಒಂದು ಸಾಗವಾನಿ ತೊಲೆಯನ್ನು ಕಾಕಾ ಸೀಳಿಸಿ ಇಟ್ಟಿದ್ದರು. ಅದರಲ್ಲಿ ಬಿರುಕು, ಹುಳ ಇಲ್ಲದ ಹಲಗೆ ಸಿಕ್ಕಿದ್ದು ಎರಡೇ. ಹೊಸ ಮನೆಯ ದೇವರ ಕೋಣೆ ಬಾಗಿಲ ಮೇಲೆ ಹೂವಿನ ಹಲಗೆ ಕೂರಿಸಬೇಕು ಅಂತ ಅಜ್ಜಿಯ ಆಸೆ. ನಾನು ದೊಡ್ಡ ಜಂಬದಿಂದ "ನಾನು ಮಾಡಿಕೊಡ್ತೀನಿ, ಕಂಪ್ಯೂಟರ್ ಕೆತ್ತುತ್ತೆ" ಅಂದೆ. ಬೆಂಗಳೂರಿನ ರೂಮಿನಲ್ಲಿ ಧೂಳು ತಿನ್ನುತ್ತಿದ್ದ ಸಿಎನ್‌ಸಿ ಮಷೀನನ್ನು ಬಸ್ಸಿನಲ್ಲಿ ಹೊತ್ತು ತಂದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು 3018 ಅಂತ ಕರೆಯುವ ಹವ್ಯಾಸಿಗಳ ಮಷೀನು. ಅಂದರೆ 30 ಸೆಂಟಿಮೀಟರ್ ಉದ್ದ, 18 ಸೆಂಟಿಮೀಟರ್ ಅಗಲದಷ್ಟು ಜಾಗದಲ್ಲಿ ಕೊರೆಯುತ್ತೆ. ಎಡ-ಬಲಕ್ಕೆ ಎಕ್ಸ್, ಹಿಂದೆ-ಮುಂದೆ ವೈ, ಮೇಲೆ-ಕೆಳಗೆ ಝಡ್, ಮೂರಕ್ಕೂ ಒಂದೊಂದು ಸ್ಟೆಪ್ಪರ್ ಮೋಟರ್. ಮೋಟರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತೆ, ಡ್ರೈವರ್ ಪ್ರತಿ ಹೆಜ್ಜೆಯನ್ನು 16 ಚೂರು ಮಾಡುತ್ತೆ. ಮೋಟರಿಗೆ ಜೋಡಿಸಿದ ಉದ್ದನೆಯ ಸ್ಕ್ರೂ ಒಂದು ಸುತ್ತಿಗೆ 4 ಮಿಲಿಮೀಟರ್ ಮುಂದೆ ತಳ್ಳುತ್ತೆ. ಲೆಕ್ಕ ಹಾಕಿ: 200 ಗುಣಿಸು 16, ಭಾಗಿಸು 4. ಒಂದು ಮಿಲಿಮೀಟರಿಗೆ 800 ಹೆಜ್ಜೆ. ಇದನ್ನೆಲ್ಲ ನಡೆಸೋದು ಗರ್ಬಲ್ ಅನ್ನುವ ತಂತ್ರಾಂಶ. 2009ರಲ್ಲಿ ಶುರುವಾದ ಮುಕ್ತ ತಂತ್ರಾಂಶ ಇದು, ಪುಟ್ಟ ಆರ್ಡುಯಿನೋ ಬೋರ್ಡಿನಲ್ಲೇ ಓಡುತ್ತೆ. 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ಇಂಥ ಮೊದಲ ಮಷೀನು ತೋರಿಸಿದಾಗ ಅದರ ಕಂಟ್ರೋಲರ್ ಒಂದು ಕೋಣೆಯಷ್ಟು ಜಾಗ ತಿಂದಿತ್ತಂತೆ. ಈಗ ಅಂಗೈಯಲ್ಲಿ ಹಿಡಿಸುತ್ತೆ. ಆದರೆ ಮಷೀನಿಗೆ ಕಣ್ಣಿಲ್ಲ ಅನ್ನೋದನ್ನ ನಾನು ಮರೆತಿದ್ದೆ. ಇಷ್ಟು ಹೆಜ್ಜೆ ಹೋಗು ಅಂದರೆ ಹೋದೆ ಅಂದುಕೊಳ್ಳುತ್ತೆ. ನಿಜವಾಗಿ ಹೋಯಿತೋ ಇಲ್ಲವೋ ಅದಕ್ಕೆ ಗೊತ್ತಾಗಲ್ಲ.

ಮೊದಲು ಪ್ಲೈವುಡ್ಡಿನ ಮೇಲೆ 30 ಮಿಲಿಮೀಟರಿನ ಪುಟ್ಟ ಹೂವು ಕೊರೆಸಿದೆ. ಹತ್ತು ನಿಮಿಷದ ಕೆಲಸ, ಚೆನ್ನಾಗೇ ಬಂತು. ಅದೇ ಧೈರ್ಯದಲ್ಲಿ ಸಾಗವಾನಿ ಮೇಲೆ 120 ಮಿಲಿಮೀಟರಿನ ಹೂವಿಗೆ ಹಚ್ಚಿದೆ. ನಲವತ್ತು ನಿಮಿಷ ಆದಮೇಲೆ ನೋಡಿದರೆ ಹೊರಗಿನ ವೃತ್ತ ಗುಂಡಗೇ ಇಲ್ಲ, ನಾಲ್ಕೂ ದಿಕ್ಕಿನಲ್ಲಿ ಸ್ವಲ್ಪ ಚಪ್ಪಟೆ. ಕೊನೆಗೆ ಕೊರೆದ ಎಸಳುಗಳಂತೂ ಎರಡೂವರೆ ಮಿಲಿಮೀಟರ್ ಪಕ್ಕಕ್ಕೆ ಸರಿದಿದ್ದವು. ಮುಂದಿನ ಕಥೆ ಮೇಲೆ ಹೇಳಿದೆನಲ್ಲ, ಚಾ!

ಉಳಿದಿದ್ದು ಒಂದೇ ಹಲಗೆ.

ಮನೆಯಲ್ಲಿ ಎಲ್ಲರೂ ಕರೆಂಟಿನ ಮೇಲೆ ಹಾಕಿದರು. "ರಾತ್ರಿ ಪಂಪ್‌ಸೆಟ್ ಚಾಲೂ ಆದ್ರ ವೋಲ್ಟೇಜ್ ಬೀಳತೈತಿ" ಅಂತ ತಮ್ಮ. ನನಗೂ ಹೌದೆನ್ನಿಸಿತು. ಲ್ಯಾಪ್‌ಟಾಪ್ ಪಕ್ಕ ಮಲ್ಟಿಮೀಟರ್ ಇಟ್ಟು ಅರ್ಧ ರಾತ್ರಿ ಕಾದೆ. ಮನೆಯ ವೋಲ್ಟೇಜ್ ಏರಿಳಿದರೂ ಅಡಾಪ್ಟರಿನಿಂದ ಮಷೀನಿಗೆ ಹೋಗುವ 24 ವೋಲ್ಟು ಅಲ್ಲಾಡಲೇ ಇಲ್ಲ. ಕರೆಂಟ್ ನಿರಪರಾಧಿ.

ಆಮೇಲೆ ನಾನು ಮಾಡಿದ್ದು ಪಕ್ಕಾ ಸಾಫ್ಟ್‌ವೇರಿನವನ ಕೆಲಸ. ಎಕ್ಸ್ ಅನ್ನು ಬಲಕ್ಕೆ ತಂದು ಸೊನ್ನೆಗೆ ನಿಲ್ಲಿಸಿದೆ, ಅಲ್ಲಿಂದ 100 ಮಿಲಿಮೀಟರ್ ಎಡಕ್ಕೆ ಹೋಗು ಅಂದೆ. ಕ್ಯಾಲಿಪರ್‌ನಲ್ಲಿ ಅಳೆದರೆ 99.6. ಆಹಾ ಸಿಕ್ಕಿಬಿಟ್ಟೆ ಅಂತ 800ನ್ನು 803.2 ಮಾಡಿದೆ. ಮತ್ತೆ ಅಳೆದೆ, ಸರಿಯಾಗಿ 100! ಖುಷಿಯಲ್ಲಿ ಮಲಗಿದೆ. ಬೆಳಿಗ್ಗೆ ಪ್ಲೈವುಡ್ಡಿನ ಮೇಲೆ ವೃತ್ತ ಕೊರೆಸಿದರೆ ಅದೇ ಚಪ್ಪಟೆ. ಟೆಸ್ಟ್ ಪಾಸಾಗಲಿ ಅಂತ ಕೋಡಿನಲ್ಲಿ ಒಂದು ಸಂಖ್ಯೆ ತಿದ್ದಿ ಕೈತೊಳೆದುಕೊಳ್ಳುವವರನ್ನು ಆಫೀಸಿನಲ್ಲಿ ನಾನೇ ಬೈದಿದ್ದೇನೆ :)

ಕಾಕಾ ಅಂಗಳದಲ್ಲಿ ಕೂತು ನೋಡುತ್ತಿದ್ದರು. ಕೊನೆಗೆ ಕೇಳಿದರು, "ಅದು ಗುರುತಿಗೆ ಯಾವ ಕಡಿಂದ ಬರತೈತಿ?"

"ಯಾವ ಕಡೆಯಿಂದ ಬಂದರೇನು ಕಾಕಾ, ಗುರುತು ಅದೇ ಅಲ್ವಾ?"

"ಇಲ್ಲಿ ಬಾ" ಅಂತ ತಮ್ಮ ವೈಸ್ ಹತ್ತಿರ ಕರೆದರು. ಹಿಡಿ ಬಲಕ್ಕೆ ತಿರುಗಿಸಿದರು, ದವಡೆ ಬಿಗಿಯಾಯಿತು. ಎಡಕ್ಕೆ ತಿರುಗಿಸಿದರು, ಹಿಡಿ ಕಾಲು ಸುತ್ತು ತಿರುಗಿದರೂ ದವಡೆ ಅಲ್ಲೇ ಇತ್ತು. ಆಮೇಲೆ ಹೊರಟಿತು. "ತಿರುಗಿ ಬರೋವಾಗ ಮೊದ್ಲು ಸಡಿಲು ತಿಂತೈತಿ, ಆಮ್ಯಾಲೆ ಕೆಲಸ ಮಾಡತೈತಿ. ಅದಕ್ಕ ನಾ ಯಾವಾಗ್ಲೂ ಒಂದ ಕಡಿಂದ ಗುರುತಿಗೆ ಬರ್ತೀನಿ. ನಿನ್ನ ಮಷೀನ್ಯಾಗೂ ಸ್ಕ್ರೂನ ಐತಲ್ಲ?"

ನಾನು ಪೆಚ್ಚಾಗಿ ನಿಂತೆ. ಇದಕ್ಕೆ ಬ್ಯಾಕ್‌ಲ್ಯಾಶ್ ಅಂತ ಹೆಸರು. ಇಂಜಿನಿಯರಿಂಗ್‌ನಲ್ಲಿ ಬರೆದು ಅಂಕ ತೆಗೊಂಡಿದ್ದೆ ಕೂಡ.

800ಕ್ಕೆ ವಾಪಸ್ ತಂದು ಮೂರು ಸಲ ಅಳೆದೆ. ದಿಕ್ಕು ಬದಲಿಸಿ 10 ಹೋಗು ಅಂದರೆ 9.6. 50 ಅಂದರೆ 49.6. 100 ಅಂದರೆ 99.6. ಹೆಜ್ಜೆಯ ಲೆಕ್ಕ ತಪ್ಪಿದ್ದರೆ 100ಕ್ಕೆ 0.4 ಕಡಿಮೆ ಇದ್ದಾಗ 50ಕ್ಕೆ 0.2 ಮಾತ್ರ ಕಡಿಮೆ ಇರಬೇಕಿತ್ತು. ಇಲ್ಲಿ ದೂರ ಎಷ್ಟಾದರೂ ನಷ್ಟ ಅಷ್ಟೇ. ದಿಕ್ಕು ಬದಲಿಸದೆ ಅದೇ ಕಡೆಗೆ ಮತ್ತೆ ಮತ್ತೆ ಕಳಿಸಿದರೆ ನಷ್ಟವೇ ಇಲ್ಲ. ಅಂದರೆ 0.4 ಪೂರ್ತಿ ಸಡಿಲಿನದ್ದು. ವೃತ್ತದ ನಾಲ್ಕು ಕಡೆ ಚಪ್ಪಟೆ ಯಾಕೆ ಅನ್ನೋದೂ ಹೊಳೆಯಿತು. ಎಕ್ಸ್ ಅಥವಾ ವೈ ದಿಕ್ಕು ತಿರುಗಿಸೋದು ಆ ನಾಲ್ಕು ಜಾಗದಲ್ಲೇ. 30 ಮಿಲಿಮೀಟರಿನ ಹೂವಿನಲ್ಲೂ ಇದೇ ದೋಷ ಇತ್ತು, ಪ್ಲೈವುಡ್ಡಿನ ಸಿಬಿರಿನಲ್ಲಿ ನನಗೆ ಕಂಡಿರಲಿಲ್ಲ.

ಬಿಚ್ಚಿ ನೋಡಿದರೆ ಎಕ್ಸ್‌ನ ಹಿತ್ತಾಳೆ ನಟ್ ಸವೆದಿತ್ತು. ಎರಡು ನಟ್ ನಡುವೆ ಸ್ಪ್ರಿಂಗ್ ಇರುವಂಥದ್ದನ್ನು ತರಿಸಿ ಹಾಕಿದೆ. ಒಂದು ನಟ್ ಸ್ಕ್ರೂವಿನ ಹಲ್ಲನ್ನು ಈ ಕಡೆಗೂ ಇನ್ನೊಂದು ಆ ಕಡೆಗೂ ಒತ್ತಿ ಹಿಡಿಯುತ್ತೆ, ನಡುವೆ ಸಡಿಲಿಗೆ ಜಾಗ ಇರಲ್ಲ. ರಾಣೆಬೆನ್ನೂರಿನ ಲೇತ್ ಅಂಗಡಿಯ ಗೆಳೆಯ ಕೊಟ್ಟ ಡಯಲ್ ಗೇಜ್ ಹಚ್ಚಿ ನೋಡಿದೆ. 0.4 ಇದ್ದದ್ದು 0.05ಕ್ಕೆ ಇಳಿದಿತ್ತು.

ಆದರೆ ಎರಡೂವರೆ ಮಿಲಿಮೀಟರ್ ಜಾರಿದ್ದು? ಅದು ವೈ ದಿಕ್ಕಿನಲ್ಲಿ, ಮತ್ತು ಹೊತ್ತು ಹೋದಂತೆ ಹೆಚ್ಚುತ್ತಾ ಹೋಗಿತ್ತು. ಸಡಿಲು ಹಾಗೆ ಬೆಳೆಯಲ್ಲ. ಇದು ಬೇರೆಯೇ ಕಾಯಿಲೆ. ಮೋಟರ್ ಹೆಜ್ಜೆ ತಪ್ಪುತ್ತಿದೆ ಅಂತ ವೇಗ ಕಡಿಮೆ ಮಾಡಿದೆ, ಡ್ರೈವರಿಗೆ ಫ್ಯಾನ್ ಇಟ್ಟೆ. ಸ್ವಲ್ಪ ಕಡಿಮೆ ಆಯಿತೇ ಹೊರತು ಹೋಗಲಿಲ್ಲ. ಕೊನೆಗೆ ಮೋಟರ್ ಶಾಫ್ಟು, ಅದಕ್ಕೂ ಸ್ಕ್ರೂವಿಗೂ ನಡುವಿನ ಕಪ್ಲಿಂಗ್, ಸ್ಕ್ರೂ, ಮೂರರ ಮೇಲೂ ಮಾರ್ಕರ್‌ನಿಂದ ಒಂದೇ ನೇರ ಗೆರೆ ಎಳೆದೆ. ಗೆರೆ ಒಡೆಯದೆ ಜಾಗ ತಪ್ಪಿದರೆ ತಪ್ಪು ಮೋಟರಿನದ್ದೋ ಡ್ರೈವರಿನದ್ದೋ. ಗೆರೆ ಒಡೆದರೆ ಜೋಡಣೆಯದ್ದು. ಒಂದು ಗಂಟೆ ಓಡಿಸಿ ನೋಡಿದೆ. ಶಾಫ್ಟಿನ ಗೆರೆ ಒಂದು ಕಡೆ, ಕಪ್ಲಿಂಗಿನ ಗೆರೆ ಒಂದು ಕಡೆ! ದುಂಡು ಶಾಫ್ಟಿನ ಮೇಲೆ ಪುಟ್ಟ ಸ್ಕ್ರೂ ಹಿಡಿತ ಸಿಗದೆ ಸ್ವಲ್ಪ ಸ್ವಲ್ಪ ಜಾರುತ್ತಿತ್ತು. ಅರದಿಂದ ಶಾಫ್ಟಿನ ಒಂದು ಬದಿ ಚಪ್ಪಟೆ ಮಾಡಿ, ಸ್ಕ್ರೂ ಅದರ ಮೇಲೆ ಕೂರುವಂತೆ ಬಿಗಿದೆ. ಎರಡು ಗಂಟೆ ಓಡಿಸಿದರೂ ಗೆರೆ ಒಡೆಯಲಿಲ್ಲ.

ಇನ್ನು ಹಲಗೆ ಹಚ್ಚೋಣ ಅಂದರೆ ಕಾಕಾ ಬಿಡಲಿಲ್ಲ. "ಚೌಕ ಬರಸು ಮೊದ್ಲು" ಅಂದರು. 150ರ ಚೌಕ ಬಂತು. ನಾಲ್ಕೂ ಬದಿ ಅಳೆದು ಸರಿ ಇದೆ ಅಂದೆ. ಅವರು ತೆಳ್ಳನೆ ಪಟ್ಟಿ ತಗೊಂಡು ಮೂಲೆಯಿಂದ ಮೂಲೆಗೆ ಇಟ್ಟು ಗುರುತು ಹಾಕಿದರು, ಅದೇ ಪಟ್ಟಿಯನ್ನು ಇನ್ನೆರಡು ಮೂಲೆಗೆ ಇಟ್ಟರು. ಒಂದು ಮಿಲಿಮೀಟರ್ ವ್ಯತ್ಯಾಸ. "ಬದಿ ಸುಳ್ಳು ಹೇಳತಾವ, ಮೂಲಿ ಹೇಳಂಗಿಲ್ಲ." ಮಷೀನಿನ ಚೌಕಟ್ಟೇ ಸೊಟ್ಟ ಕೂತಿತ್ತು. ಬಸ್ಸಿನಲ್ಲಿ ಹೊತ್ತು ತಂದದ್ದರ ಫಲ ಇರಬೇಕು. ಬೋಲ್ಟು ಸಡಿಲಿಸಿ, ಅವರ ಗುಣ್ಯಾ ಇಟ್ಟು, ಒಂದು ಕಡೆ ಸ್ವಲ್ಪ ತಳ್ಳಿ ಮತ್ತೆ ಬಿಗಿದೆವು. ನಾಲ್ಕನೇ ಸಲಕ್ಕೆ ಎರಡೂ ಕರ್ಣ ಸಮ ಬಂದವು.

0.05 ಅನ್ನೂ ತೆಗೆಯಬೇಕು ಅಂತ ನಾನು ಮತ್ತೆ ಬಿಚ್ಚಲು ಹೊರಟಿದ್ದೆ. ಕಾಕಾ ನಕ್ಕರು. ಇಷ್ಟಗಲದ ಸಾಗವಾನಿ ಹಲಗೆ ಬೇಸಿಗೆಗೂ ಮಳೆಗಾಲಕ್ಕೂ ಅಡ್ಡಲಾಗಿ ಅರ್ಧ ಮಿಲಿಮೀಟರ್ ಸುಲಭವಾಗಿ ಹಿಗ್ಗಿ ಕುಗ್ಗುತ್ತೆ. ಮರವೇ ಒಪ್ಪದ ಲೆಕ್ಕವನ್ನು ಮಷೀನಿನಿಂದ ಕೇಳಿ ಏನು ಮಾಡೋದು?

ಎರಡನೇ ಹಲಗೆ ಹಾಕುವಾಗ ನನ್ನ ಕೈ ನಡುಗುತ್ತಿತ್ತು, ಅವರದ್ದಲ್ಲ. ನಲವತ್ತು ನಿಮಿಷ ಇಬ್ಬರೂ ಮಾತಾಡಲಿಲ್ಲ. ಹೂವು ಗುಂಡಗೆ ಬಂತು, ಎಸಳು ತಮ್ಮ ತಮ್ಮ ಜಾಗದಲ್ಲಿದ್ದವು. ಮಷೀನು ಬಿಟ್ಟ ದುಂಡು ಮೂಲೆಗಳನ್ನು ಕಾಕಾ ದೊಡ್ಡ ಉಳಿಯಿಂದ, ಮೊಣಕೈ ಹಲಗೆಗೆ ಊರಿ, ನಿಧಾನಕ್ಕೆ ಚೂಪು ಮಾಡಿದರು. ಒಂದೆರಡು ಕಡೆ ಉಳಿ ಜಾರಿದೆ. ಗೊತ್ತಿದ್ದವರಿಗೆ ಕಾಣುತ್ತೆ. ಅಜ್ಜಿಗೆ ಕಂಡಿಲ್ಲ.

ನಮ್ಮ ತಾಲೂಕಿನದೇ ಚೌಡದಾನಪುರದ ಮುಕ್ತೇಶ್ವರ ಗುಡಿಗೆ ಆ ಭಾನುವಾರ ಹೋಗಿದ್ದೆವು. ತುಂಗಭದ್ರೆಯ ದಂಡೆಯ ಮೇಲೆ, ಕಲ್ಯಾಣ ಚಾಲುಕ್ಯರ ಕಾಲದ ಶೈಲಿಯ ಕಲ್ಲುಗುಡಿ. ಕಾಕಾ ದೇವರಿಗಿಂತ ಹೆಚ್ಚು ಹೊತ್ತು ಕೆತ್ತನೆಯ ಮುಂದೆ ನಿಂತರು. ಏನು ನೋಡ್ತಿದ್ದೀ ಅಂದರೆ, "ಯಾವ ಕಡಿಂದ ಉಳಿ ಬಂದೈತಿ ಅಂತ ನೋಡಾಕತ್ತೀನಿ" ಅಂದರು.

ಬೆಂಗಳೂರಿಗೆ ಹೊರಡುವ ದಿನ ಮಷೀನು ಪ್ಯಾಕ್ ಮಾಡುತ್ತಿದ್ದೆ. "ಇರಲಿ ಬಿಡು. ಯಾರೋ ಬಾಗಿಲದ ಕೆಲಸ ತಂದಾರ. ಹೆಂಗ ನಡಸೋದು ಅಂತ ಬರದು ಹೋಗು" ಅಂದರು. ಕೆಲಸದ ಕೋಣೆಯ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದು ಬಂದೆ:

ತಪ್ಪು ದೂರದ ಜೊತೆ ಬೆಳೆದರೆ ಹೆಜ್ಜೆಯ ಲೆಕ್ಕ ನೋಡು.
ತಿರುಗಿದಾಗ ಮಾತ್ರ ಬಂದರೆ ನಟ್ ನೋಡು.
ಹೊತ್ತು ಹೋದಂತೆ ಬೆಳೆದರೆ ಗೆರೆ ಎಳೆದು ಜೋಡಣೆ ನೋಡು.
ಬದಿ ಸರಿ ಇದ್ದೂ ಕೂಡದಿದ್ದರೆ ಮೂಲೆಯಿಂದ ಮೂಲೆಗೆ ಅಳೆ.

ಅದರ ಕೆಳಗೆ ಕಾಕಾ ತಾವೇ ಒಂದು ಸಾಲು ಸೇರಿಸಿದ್ದಾರಂತೆ, ತಮ್ಮ ಫೋಟೋ ಕಳಿಸಿದ್ದ. "ಮೊದಲು ಕೆಟ್ಟ ಹಲಗಿ ಮ್ಯಾಲೆ ಮಾಡು."

ಹಾಳಾದ ಆ ಮೊದಲ ಹಲಗೆ? ಅದನ್ನು ಕತ್ತರಿಸಿ ಕಾಕಾ ಅವ್ವನಿಗೆ ಕೂರಲು ಮಣೆ ಮಾಡಿಕೊಟ್ಟಿದ್ದಾರೆ. ಜಾರಿದ ಹೂವು ಕೆಳಮಗ್ಗುಲಿಗೆ ಇದೆ. ಊರಿಗೆ ಹೋದಾಗಲೆಲ್ಲ ಒಮ್ಮೆ ಮಗುಚಿ ನೋಡ್ತೀನಿ.