ಎಳೆಯ ಲೆಕ್ಕ

ಸಾಸ್ವೆಹಳ್ಳಿಯಲ್ಲಿ ನಮ್ಮ ಎದುರುಮನೆಗೆ ಧಾರವಾಡದ ಕಡೆಯ ಹೆಣ್ಣುಮಗಳೊಬ್ಬಳು ಸೊಸೆಯಾಗಿ ಬಂದಿದ್ದಾಳೆ. ಕಸೂತಿ ಹಾಕಿಕೊಡುವುದು ಆಕೆಯ ಕಸುಬು. ತಂಗಿಯ ಮಗಳ ಮದುವೆಗೆಂದು ಇಳಕಲ್ ಸೀರೆಯೊಂದನ್ನು ಒಯ್ದು, ಸೆರಗಿಗೆ ಗೋಪುರ, ಆನೆ, ತೇರು ಬೇಕೆಂದೆ. ಬೆಲೆ ಹೇಳಿದಳು. ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡಿ ಪಳಗಿದ ನಾಲಗೆ ಸುಮ್ಮನಿದ್ದೀತೆ? “ಬರಿಯ ದಾರಕ್ಕೆ ಇಷ್ಟೇನಮ್ಮಾ?” ಎಂದೆ.

ಆಕೆ ಮುನಿಯಲಿಲ್ಲ. ಬಟ್ಟೆಯ ಚೂರೊಂದನ್ನು ಕೈಗಿತ್ತು, “ಎಳಿ ಎಣಸ್ರಿ, ಸರ” ಎಂದಳು.

ಕಸೂತಿಗೆ ಮೊದಲು ಗೆರೆ ಬರೆದುಕೊಳ್ಳುವಂತಿಲ್ಲ. ಗವಂತಿ, ಮುರಗಿ, ನೇಗಿ, ಮೆಂತಿ—ನಾಲ್ಕು ಹೊಲಿಗೆಗೂ ಬಟ್ಟೆಯ ಎಳೆಯೆಣಿಕೆಯೇ ಆಧಾರ. ಗವಂತಿಯಲ್ಲಂತೂ ಸೂಜಿ ಹೋದ ದಾರಿಯಲ್ಲೇ ಮರಳಿ, ಬಿಟ್ಟ ಎಡೆಗಳನ್ನು ತುಂಬಬೇಕು. ಎರಡು ಮಗ್ಗುಲೂ ಒಂದೇ ಆಗಿ ಕಾಣಬೇಕು. ನಾನು 40 ಎಳೆ ಮುಟ್ಟುವಷ್ಟರಲ್ಲಿ ಕನ್ನಡಕ ಒರೆಸಿದೆ, ಲೆಕ್ಕ ತಪ್ಪಿತು.

“ಅರ್ಧ ಮುಂಗಡ. ನಡುವೆ ಬಣ್ಣ ಬದಲಿಸಿದರೆ ಬಿಚ್ಚುವುದಕ್ಕೂ ಕೂಲಿ” ಎಂದು ಚೀಟಿ ಬರೆದಳು.

ಹಿಂದಿನ ತಿಂಗಳಷ್ಟೇ ಉತ್ತರಪತ್ರಿಕೆ ತಿದ್ದುವ ಸಂಭಾವನೆ ಸಾಲದೆಂದು, ನಮ್ಮ ಕಣ್ಣಿಗೆ ಬೆಲೆಯಿಲ್ಲವೆ ಎಂದು ಗುಡುಗಿದವನು ನಾನು. ಮಾತಾಡದೆ ಹಣ ಎಣಿಸಿದೆ.

“ಎಷ್ಟಕ್ಕೆ ಇಳಿಸಿದಿರಿ?” ಎಂದಳು ಮನೆಯಾಕೆ.

“ಬೆಲೆ ಇಳಿಯಲಿಲ್ಲ ಮಾರಾಯ್ತಿ, ನಾನೇ ಇಳಿದೆ” ಎಂದೆ.